ಇಮೋಟಿವ್ ಇನ್‌ಸೈಟ್: ತಲೆ ನಿಮ್ಮದು, ದಾಖಲೆ ಯಾರದ್ದು?

ಐದು ಸೆನ್ಸರ್‌ಗಳ ಈ ಇಇಜಿ (ಮಿದುಳಿನ ವಿದ್ಯುತ್ ಅಲೆ ದಾಖಲಿಸುವ) ಹೆಡ್‌ಸೆಟ್ ಕೊಳ್ಳುವ ಮುಂಚೆ ಲೈಸೆನ್ಸ್ ಓದಿ. ಮಿದುಳಿನ ಕಚ್ಚಾ ಸಿಗ್ನಲ್ ಬೇಕೆಂದರೆ ಹೆಡ್‌ಸೆಟ್ಟಿನ ಬೆಲೆಯ ಮೇಲೆ ಕಂಪನಿಯ ಇಮೋಟಿವ್‌ಪ್ರೊ ಸಾಫ್ಟ್‌ವೇರಿನ ಚಂದಾ ಬೇರೆ ಕಟ್ಟಬೇಕು. ಕಟ್ಟದವರಿಗೆ ಸಿಗುವುದು ಫೋಕಸ್, ಸ್ಟ್ರೆಸ್ ಮುಂತಾದ ಅಂಕಗಳು. ಅವನ್ನು ಲೆಕ್ಕ ಹಾಕುವ ಸೂತ್ರ ಕಂಪನಿಯ ಗುಟ್ಟು.

ಹಣೆಯ ಮೇಲೆ ಎಎಫ್3, ಎಎಫ್4 ಎಂಬ ಸೆನ್ಸರ್‌ಗಳು. ಎರಡೂ ಕಿವಿಗಳ ಮೇಲ್ಗಡೆ ಟಿ7, ಟಿ8. ನೆತ್ತಿಯ ಹಿಂದೆ ಪಿಝಡ್. ತಕರಾರೆಲ್ಲ ಈ ಪಿಝಡ್‌ನದ್ದೇ. ದಟ್ಟ ಕೂದಲು, ಅದರ ಮೇಲೆ ಎಣ್ಣೆ ಇದ್ದರಂತೂ ಆ್ಯಪ್‌ನಲ್ಲಿ ಸಿಗ್ನಲ್ ಹಸಿರಿಗೆ, ಅಂದರೆ ಒಳ್ಳೆಯ ಸಂಪರ್ಕಕ್ಕೆ, ಬರುವುದು ಕಷ್ಟ. ತಲೆಗೆ ನೀರು ಹಾಕಿ ಒಣಗಿಸಿಕೊಂಡು, ಕೂದಲು ಸರಿಸಿ, ಸೆನ್ಸರ್ ಚರ್ಮಕ್ಕೇ ತಾಗುವಂತೆ ಕೂರಿಸಿ. ಸೆನ್ಸರ್ ಒಣಗಿದ್ದರೆ ಒಂದೆರಡು ಹನಿ ಸಲೈನ್ (ಉಪ್ಪುನೀರು).

ಸರಿಯಾಗಿ ಕೂತಿದೆಯೇ ಎಂದು ನೋಡಲು ಈಗ 30 ಸೆಕೆಂಡ್ ಕಣ್ಣು ಮುಚ್ಚಿ. ಪಿಝಡ್‌ನಲ್ಲಿ 8–12 ಹರ್ಟ್ಸ್‌ನ ಆಲ್ಫಾ ಅಲೆ ಏರಬೇಕು, ಕಣ್ಣು ತೆರೆದೊಡನೆ ಇಳಿಯಬೇಕು. (ಕೆಲವರಲ್ಲಿ ಆಲ್ಫಾ ಸಹಜವಾಗಿಯೇ ಕಡಿಮೆ, ಇನ್ನೊಬ್ಬರ ತಲೆಗೆ ಹಾಕಿ ನೋಡಿ.) ಆಮೇಲೆ ಹಲ್ಲು ಕಚ್ಚಿ. ಟಿ7, ಟಿ8 ಗೆರೆಗಳು ಮುಳ್ಳುಕಂಟಿಯಂತೆ ಕೆದರುತ್ತವೆ. ಅದು ಮಿದುಳಲ್ಲ, ದವಡೆ ಕಚ್ಚುವ ಸ್ನಾಯು. ಅದರ ಸಿಗ್ನಲ್ 20 ಹರ್ಟ್ಸ್ ದಾಟಿ ಬೀಟಾ ಎಂಬ ವೇಗದ ಮಿದುಳಿನ ಅಲೆಯೊಳಗೆ ಬೆರೆಯುತ್ತದೆ. ಬೀಟಾ ಏರಿತೆಂದರೆ ಏಕಾಗ್ರತೆ ಎಂದು ಓದುವವರು ಬಹಳ. ಎಲೆಯಡಿಕೆ ಜಗಿಯುತ್ತ ಕೂತವರ ಬೀಟಾವೂ ಚೆನ್ನಾಗಿಯೇ ಏರೀತು! ಹಾಗಾಗಿ ನೌಕರರ ಗಮನ ಅಳೆಯಲು ಇದನ್ನು ಬಳಸುವುದು ಅನ್ಯಾಯವಷ್ಟೇ ಅಲ್ಲ, ತಪ್ಪು ಅಳತೆ ಕೂಡ.

ಇದೇ ಇನ್‌ಸೈಟ್ ಕೊಂಡಿದ್ದ ಚಿಲಿಯ ಮಾಜಿ ಸೆನೆಟರ್ ಗೀಡೊ ಗಿರಾರ್ಡಿ ಉಚಿತ ಲೈಸೆನ್ಸ್ ಬಳಸುತ್ತಿದ್ದರು. ತಮ್ಮದೇ ಮಿದುಳಿನ ದಾಖಲೆಯನ್ನು ಹೊರತೆಗೆದುಕೊಳ್ಳಲು ಅವರಿಗೆ ಆಗಲಿಲ್ಲ. 2021ರಲ್ಲೇ ಚಿಲಿಯ ಸಂವಿಧಾನಕ್ಕೆ ಮಿದುಳಿನ ಮಾಹಿತಿಯ ರಕ್ಷಣೆ ಸೇರಿತ್ತು. ಗಿರಾರ್ಡಿ ಕೋರ್ಟಿಗೆ ಹೋದರು; 2023ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ದಾಖಲೆಯನ್ನು ಅಳಿಸಲು ಇಮೋಟಿವ್‌ಗೆ ಹೇಳಿತು.

ನಮ್ಮಲ್ಲಿ ಸುಪ್ರೀಂ ಕೋರ್ಟಿನ 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಆರೋಪಿಗೆ ಬಲವಂತದ ಬ್ರೇನ್ ಮ್ಯಾಪಿಂಗ್ (ಮಿದುಳಿನ ಅಲೆ ನೋಡಿ ಮಾಡುವ ಪರೀಕ್ಷೆ) ಕೂಡದು ಎಂದಿದೆ. ಅದು ಪೊಲೀಸ್ ತನಿಖೆಯ ಮಾತು. ಆಫೀಸಿನ ಮ್ಯಾನೇಜರ್ ಹೆಡ್‌ಸೆಟ್ ಹಾಕಿಕೊಳ್ಳಿ ಎಂದರೆ ಏನೆಂದು ಅದು ಹೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಮಿದುಳಿನ ಮಾಹಿತಿಗೆಂದು ಬೇರೆ ವರ್ಗವಿಲ್ಲ.

ಚಂದಾ ಸಮೇತ ಕಾಲೇಜು ಲ್ಯಾಬಿಗೆ ಕೊಳ್ಳಬಹುದು. ಖಾತೆಗೆ ಬೇರೆಯೇ ಇಮೇಲ್ ಇಡಿ. ಹಳೆಯದನ್ನು ಮಾರುವಾಗ ನೆನಪಿರಲಿ: ಹೆಡ್‌ಸೆಟ್ ಕೈ ಬದಲಾದರೂ ದಾಖಲೆ ಖಾತೆಯಲ್ಲೇ ಕೂತಿರುತ್ತದೆ. ಅಳಿಸಿ ಎಂದು ಕಂಪನಿಗೆ ಬರೆದು ಕೇಳಿ, ಬಂದ ಉತ್ತರವನ್ನು ಎತ್ತಿಡಿ.