ರೆಸ್ಪಾನ್ಸಿಬಿಲಿಟಿಯೋ ಅಕೌಂಟಬಿಲಿಟಿಯೋ: ಯಾವುದನ್ನು ಎಲ್ಲಿ ಬಳಸಬೇಕು?

ಕನ್ನಡದಲ್ಲಿ ಎರಡಕ್ಕೂ ‘ಜವಾಬ್ದಾರಿ’ ಎಂದೇ ಬರೆಯುವ ರೂಢಿ ಇರುವುದರಿಂದ, ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ಈ ಎರಡು ಪದಗಳಲ್ಲಿ ಯಾವುದನ್ನು ಆರಿಸಬೇಕೆಂಬ ಗೊಂದಲ ಸಹಜವಾಗಿ ಹುಟ್ಟುತ್ತದೆ. ರೆಸ್ಪಾನ್ಸಿಬಿಲಿಟಿ ಎಂದರೆ ಮಾಡಬೇಕಾದ ಕೆಲಸದ ಹೊಣೆ. ಅದನ್ನು ನಾಲ್ವರು ಹಂಚಿಕೊಳ್ಳಬಹುದು. ಅಕೌಂಟಬಿಲಿಟಿ ಎಂದರೆ ಕೆಲಸ ಹೇಗಾಯಿತೆಂದು ಕೇಳುವ ಹಕ್ಕುಳ್ಳವರ ಮುಂದೆ ಲೆಕ್ಕ ಒಪ್ಪಿಸಬೇಕಾದ ಬಾಧ್ಯತೆ.

ಹಳ್ಳಿಯ ಹಾಲಿನ ಡೈರಿಯನ್ನೇ ನೋಡಿ. ಬೆಳಗಿನ ಜಾವ ಕ್ಯಾನಿನಿಂದ ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆಯುವವರದು ರೆಸ್ಪಾನ್ಸಿಬಿಲಿಟಿ. ಲೆಕ್ಕ ತಾಳೆಯಾಗದಿದ್ದಾಗ ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಉತ್ತರಿಸಬೇಕಾದ ಆಡಳಿತ ಮಂಡಳಿಯದು ಅಕೌಂಟಬಿಲಿಟಿ. 1956ರಲ್ಲಿ ಅರಿಯಲೂರಿನ ರೈಲು ದುರಂತದ ಬಳಿಕ ರೈಲ್ವೆ ಸಚಿವ ಲಾಲ್ ಬಹದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟದ್ದು ಈ ಎರಡನೆಯ ಅರ್ಥದಲ್ಲಿ. ಹಳಿಯನ್ನು ಕಾಯುವ ಕೆಲಸ ಅವರದಾಗಿರಲಿಲ್ಲ.

ಆದರೆ ಗೆರೆ ಎಲ್ಲೆಡೆ ಇಷ್ಟು ಸ್ಪಷ್ಟವಾಗಿಲ್ಲ. ಸಂವಿಧಾನದ 75(3)ನೇ ವಿಧಿಯು ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ‘ರೆಸ್ಪಾನ್ಸಿಬಲ್’ ಎನ್ನುತ್ತದೆ, ಅರ್ಥ ಮಾತ್ರ ಉತ್ತರ ಕೊಡುವುದೇ. 2005ರ ಮಾಹಿತಿ ಹಕ್ಕು ಕಾಯ್ದೆಯ ಉದ್ದೇಶ ಹೇಳುವ ಆರಂಭದ ಸಾಲಿನಲ್ಲಿ ‘ಅಕೌಂಟಬಿಲಿಟಿ’ ಎಂದೇ ಇದೆ. ನಮ್ಮ ‘ಜವಾಬ್ದಾರಿ’ಯೊಳಗೂ ‘ಜವಾಬು’, ಅಂದರೆ ಉತ್ತರ, ಅಡಗಿರುವುದನ್ನು ಗಮನಿಸಬೇಕು.

ಕನ್ನಡಕ್ಕೆ ತರುವಾಗ ಮೊದಲನೆಯದಕ್ಕೆ ‘ಹೊಣೆ’ ಅಥವಾ ‘ಜವಾಬ್ದಾರಿ’ ಸಾಕು. ಎರಡನೆಯದಕ್ಕೆ ‘ಉತ್ತರದಾಯಿತ್ವ’ ಭಾರವೆನಿಸಿದರೂ ಕಚೇರಿಯ ಬರಹದಲ್ಲಿ ನಾನು ಅದನ್ನೇ ಆರಿಸುತ್ತೇನೆ, ಏಕೆಂದರೆ ಯಾರು ಯಾರಿಗೆ ಉತ್ತರಿಸಬೇಕೆಂಬ ಪ್ರಶ್ನೆಯನ್ನು ಅದು ಮರೆಯಲು ಬಿಡುವುದಿಲ್ಲ.