ನೆಟ್‌ವರ್ಕ್ ಸೆಟ್ಟಿಂಗ್ಸ್: ವಿಂಡೋಸ್ 11 ಸುಲಭಾನಾ, ಉಬುಂಟು ಸುಲಭಾನಾ?

ವೈಫೈ ಆನ್ ಮಾಡಿ ಪಾಸ್‌ವರ್ಡ್ ಹಾಕೋದಷ್ಟೇ ಕೆಲಸ ಅಂದ್ರೆ ಯಾವ್ದಾದ್ರೂ ಓಕೆ, ತಲೆ ಕೆಡಿಸ್ಕೋಬೇಡಿ. ವ್ಯತ್ಯಾಸ ಗೊತ್ತಾಗೋದು ಡಿಎನ್‌ಎಸ್ (ವೆಬ್‌ಸೈಟ್ ಹೆಸರು ಕೊಟ್ರೆ ಅದರ ಐಪಿ ವಿಳಾಸ ಹುಡುಕಿಕೊಡೋ ಸರ್ವರ್) ಬದಲಾಯಿಸೋಕೆ ಹೋದಾಗ್ಲೇ.

ಉಬುಂಟು ಅಂದ್ರೆ ವಿಂಡೋಸ್ ಬದಲು ಹಾಕ್ಕೊಳ್ಳೋ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಅದ್ರಲ್ಲಿ ಇರೋದು ಗ್ನೋಮ್ ಅನ್ನೋ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್. ಅದ್ರಲ್ಲಿ ವೈಫೈ ಹೆಸರಿನ ಪಕ್ಕದ ಗಿಯರ್ ಒತ್ತಿದ್ರೆ ಒಂದು ಪುಟ್ಟ ವಿಂಡೋ ಬರುತ್ತೆ, ಐಪಿವಿ4 ಟ್ಯಾಬ್‌ಗೆ ಹೋಗಿ ಡಿಎನ್‌ಎಸ್ ಪಕ್ಕ ಇರೋ ಆಟೋಮ್ಯಾಟಿಕ್ ಆಫ್ ಮಾಡಿ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ವಿಳಾಸ) ಅಂತ ಟೈಪ್ ಮಾಡಿ, ಇನ್ನೊಂದು ಬೇಕಿದ್ರೆ ಕಾಮಾ ಹಾಕಿ ಅಲ್ಲೇ ಸೇರಿಸಿ, ಅಪ್ಲೈ ಕೊಡಿ, ಅಷ್ಟೇ. ಆದ್ರೆ ಆಮೇಲೆ ವೈಫೈನ ಒಮ್ಮೆ ಆಫ್ ಮಾಡಿ ಆನ್ ಮಾಡ್ಬೇಕಾಗುತ್ತೆ, ಹೊಸಬರಿಗೆ ಇದು ಹೊಳೆಯೋದೇ ಇಲ್ಲ, ಅಲ್ಲೊಂದು ಸಾಲು ಬರೆದು ತೋರಿಸಬೇಕಿತ್ತು ಅನ್ನೋದು ನನ್ನ ಬಲವಾದ ಅಭಿಪ್ರಾಯ.

ವಿಂಡೋಸ್ 11ರಲ್ಲಿ ದಾರಿ ಉದ್ದ: ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಪ್ರಾಪರ್ಟೀಸ್, ಡಿಎನ್‌ಎಸ್ ಎದುರಿನ ಎಡಿಟ್, ಮ್ಯಾನುಯಲ್, ಆಮೇಲೆ ಐಪಿವಿ4 ಸ್ವಿಚ್. ಎರಡು ಅಡಾಪ್ಟರ್ ಬ್ರಿಡ್ಜ್ ಮಾಡ್ಬೇಕಂದ್ರೆ, ಅಂದ್ರೆ ಎರಡು ನೆಟ್‌ವರ್ಕ್ ಕನೆಕ್ಷನ್ ಒಂದಕ್ಕೊಂದು ಜೋಡಿಸ್ಬೇಕಂದ್ರೆ, ಮತ್ತೆ ಹಳೇ ಕಂಟ್ರೋಲ್ ಪ್ಯಾನೆಲ್ಲೇ ಗತಿ, ಹೊಸ ಮನೆ ಕಟ್ಟಿದ್ಮೇಲೂ ಅಡುಗೆಗೆ ಹಳೇ ಮನೆಗೇ ಹೋದಂಗೆ. ಆದ್ರೂ ಒಂದು ವಿಷಯದಲ್ಲಿ ವಿಂಡೋಸ್ ಮುಂದಿದೆ, ಡಿಎನ್‌ಎಸ್ ವಿಳಾಸ ಹಾಕೋ ಜಾಗದಲ್ಲೇ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ (ಡಿಎನ್‌ಎಸ್ ಕೋರಿಕೆನ ಬೇರೆಯವ್ರು ಓದದಂಗೆ ಎನ್‌ಕ್ರಿಪ್ಟ್ ಮಾಡಿ ಕಳಿಸೋದು) ಆನ್ ಮಾಡ್ಬೋದು, ಗ್ನೋಮ್‌ನ ಆ ಟ್ಯಾಬ್‌ನಲ್ಲಿ ಅದಿಲ್ಲ. ಏನೂ ಸರಿಹೋಗ್ತಿಲ್ಲ ಅಂದ್ರೆ ನೆಟ್‌ವರ್ಕ್ ರೀಸೆಟ್ ಬಟನ್ನೂ ಇದೆ.

ಅಪ್ಪ ಅಮ್ಮಂಗೆ ಫೋನಲ್ಲೇ ಹೇಳಿ ಮಾಡಿಸ್ಬೇಕಾ, ಕಣ್ಣು ಮುಚ್ಚಿ ಉಬುಂಟು ಹಾಕ್ಕೊಡಿ. ಡಿಎನ್‌ಎಸ್ ಎನ್‌ಕ್ರಿಪ್ಟ್ ಆಗ್ಲೇಬೇಕು, ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ವಿಂಡೋ) ಮುಟ್ಟಲ್ಲ ಅನ್ನೋರು ವಿಂಡೋಸೇ ಇಟ್ಕೊಳ್ಳಿ.