ಜಿಪ್ಸಿಗೆ ಟರ್ಬೊ ಹಾಕಿಸಿ ನಾಲ್ಕು ವರ್ಷ: ಘಾಟಿಯಲ್ಲಿ ಖುಷಿ, ಕೆಸರಲ್ಲಿ ಕಷ್ಟ

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಗಾಡಿ 2006ರ ಮಾರುತಿ ಜಿಪ್ಸಿ ಕಿಂಗ್, ಅದೇ 1.3 ಲೀಟರ್ 16 ವಾಲ್ವ್ ಪೆಟ್ರೋಲ್. ಗಾಡಿಯ ಮೇಲೆ ನನಗಿದ್ದ ಕೊರಗು ಒಂದೇ. ಮಂಗಳೂರಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ನಾಲ್ಕು ಜನ, ಹಿಂದೆ ಸಾಮಾನು, ಎರಡನೇ ಗೇರ್, ಎಂಜಿನ್ ಕಿರುಚಾಟ, ಬೆನ್ನಿಗೆ ಬಸ್ಸಿನ ಹಾರ್ನ್. ಈ ಎಂಜಿನ್ನಿನ 103 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ, ಪೂರ್ತಿ ಸಿಗುವುದೇ 4500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ). ಅಲ್ಲಿಯವರೆಗೆ ಕಾಯಲೇಬೇಕು.

ಹಾಗಾಗಿ ನಾಲ್ಕು ವರ್ಷದ ಹಿಂದೆ ಟರ್ಬೊ ಹಾಕಿಸಿದೆ. ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಫ್ಯಾನ್ ಅದು. ಸಣ್ಣ ಡೀಸೆಲ್ ಕಾರಿನ ಹಳೇ ಟರ್ಬೊ, ಮುಂದೆ ಆ ಗಾಳಿ ತಣಿಸಲು ಇಂಟರ್‌ಕೂಲರ್, ಹೆಚ್ಚು ಪೆಟ್ರೋಲ್ ಬಿಡಲು ದೊಡ್ಡ ಇಂಜೆಕ್ಟರ್, ಇಗ್ನಿಷನ್ ಕಿಡಿಯನ್ನು ಸ್ವಲ್ಪ ತಡವಾಗಿ ಹೊತ್ತಿಸಲು ಒಂದು ಪುಟ್ಟ ಕಂಪ್ಯೂಟರ್. ಕೂಲಿ ಸೇರಿ 1,60,000 ರೂಪಾಯಿ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, 0.5 ಬಾರ್. ಆಮೇಲೆ 30,000 ಕಿಲೋಮೀಟರ್ ಓಡಿಸಿದ್ದೇನೆ.

ಮೊದಲ ಸಲ ಘಾಟಿ ಹತ್ತಿದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರನೇ ಗೇರ್‌ನಲ್ಲೇ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದೆ. ಬೂಸ್ಟ್ ಮೀಟರಿನ ಮುಳ್ಳು ಮೇಲೆದ್ದಿತು, ಸುಯ್ ಅಂತ ಒಂದು ಸಣ್ಣ ಸಿಳ್ಳೆ, ಹಿಂದಿನಿಂದ ಯಾರೋ ಕೈಯಿಟ್ಟು ತಳ್ಳಿದ ಹಾಗೆ ಗಾಡಿ ಮುಂದೆ ಹೋಯಿತು. ನಮ್ಮೂರು ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಹತ್ತು ಪರ್ಸೆಂಟ್‌ನಷ್ಟು ತೆಳು, ಮಾಮೂಲಿ ಎಂಜಿನ್‌ಗೆ ಅಷ್ಟೇ ಶಕ್ತಿ ಕಮ್ಮಿ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದಲ್ವಾ, ಆ ಕೊರತೆ ಗೊತ್ತೇ ಆಗಲ್ಲ.

ಇನ್ನೊಂದು ಖುಷಿಯನ್ನು ನಾನು ನಿರೀಕ್ಷಿಸಿರಲೇ ಇಲ್ಲ. ಪೆಟ್ರೋಲ್ ಎಂಜಿನ್ನಿನ ಹೊಗೆ ಡೀಸೆಲ್‌ಗಿಂತ ಜಾಸ್ತಿ ಬಿಸಿ. ಜೋರಾಗಿ ಓಡಿಸಿ ತಕ್ಷಣ ಆಫ್ ಮಾಡಿದರೆ ಟರ್ಬೊ ಒಳಗಿನ ಆಯಿಲ್ ಅಲ್ಲೇ ನಿಂತು ಸುಟ್ಟು ಕರಿ ಕಟ್ಟುತ್ತದೆ. ಅದಕ್ಕೇ ಮನೆಗೆ ಬಂದ ಮೇಲೆ ಎರಡು ನಿಮಿಷ ಎಂಜಿನ್ ಸುಮ್ನೆ ಓಡಲು ಬಿಡುತ್ತೇನೆ. ಅಷ್ಟರಲ್ಲಿ ಇಳಿದು ಗೇಟ್ ಹಾಕಿ ಬರುತ್ತೇನೆ, ಟೈರಿಗೆ ಸಿಕ್ಕಿದ ಕಲ್ಲು ತೆಗೆಯುತ್ತೇನೆ. ನಾಯಿ ಬಂದು ಬಾನೆಟ್ ಮುಂದೆ ಕೂರುತ್ತದೆ. ಆ ಸದ್ದು ಕೇಳಿದರೆ ಅಮ್ಮ ಒಳಗೆ ಡಿಕಾಕ್ಷನ್‌ಗೆ ಹಾಲು ಇಡುತ್ತಾರೆ. ಕೀ ತಿರುಗಿಸಿದ ಮೇಲೆ ಬಾನೆಟ್ ಒಳಗೆ ಕಬ್ಬಿಣ ತಣಿಯುವ ಟಿಣ್ ಟಿಣ್ ಸದ್ದು. ಈ ಎರಡು ನಿಮಿಷ ನನಗೆ ತುಂಬಾ ಇಷ್ಟ.

ಇಷ್ಟೆಲ್ಲ ಚೆನ್ನಾಗಿದ್ದದ್ದು ಮಳೆ ಹಿಡಿಯುವವರೆಗೆ.

ಜುಲೈನಲ್ಲಿ ಆರು ಮೂಟೆ ಗೊಬ್ಬರ ಹಾಕಿಕೊಂಡು ತೋಟದ ಕೆಳಗಿನ ದಾರಿಯಲ್ಲಿ ಹತ್ತುತ್ತಿದ್ದೆ. ಕೆಂಪು ಮಣ್ಣು, ಮೇಲೆ ಬೆರಳುದ್ದ ಕೆಸರು. ಅಲ್ಲಿ ಬೇಕಾಗುವುದು ನಿಧಾನವಾಗಿ, ಒಂದೇ ಸಮ ಬರುವ ಎಳೆತ. ಕಡಿಮೆ ಆರ್‌ಪಿಎಂನಲ್ಲಿ ಹೊಗೆಯೇ ಕಮ್ಮಿ, ಟರ್ಬೊ ಎದ್ದೇಳಲ್ಲ. ಸ್ವಲ್ಪ ಜಾಸ್ತಿ ಒತ್ತಿದೆ. 2800 ದಾಟುತ್ತಿದ್ದ ಹಾಗೆ ಬೂಸ್ಟ್ ಒಮ್ಮೆಗೇ ಬಂತು, ನಾಲ್ಕೂ ಚಕ್ರ ಗರಗರ ತಿರುಗಿ ಗಾಡಿ ಅಡ್ಡಕ್ಕೆ ಜಾರಿತು. ಹಿಂದಿನ ಚಕ್ರ ಚರಂಡಿಗೆ. "ಅಣ್ಣಾ, ಬಿಡಿ ಬಿಡಿ, ಒತ್ಬೇಡಿ" ಅಂತ ತೋಟದ ಲೆಕ್ಕ ನೋಡುವ ರೈಟರ್ ಓಡಿ ಬಂದರು. ಮೂಟೆ ಇಳಿಸಿ, ಕಲ್ಲು ಕೊಟ್ಟು, ಐದು ಜನ ತಳ್ಳಿ ಎತ್ತಿದ್ದಾಯಿತು. ಇದೇ ಗಾಡಿ ಹಳೇ ಎಂಜಿನ್ನಿನಲ್ಲಿ ಅದೇ ದಾರಿಯನ್ನು ಹತ್ತು ವರ್ಷ ಹತ್ತಿತ್ತು. ನನಗೆ ನಿಜವಾಗಲೂ ಬೇಜಾರಾಯಿತು.

ಲೋ ರೇಂಜ್, ಅಂದರೆ ಗಾಡಿಯನ್ನು ನಿಧಾನ ಮಾಡಿ ಎಳೆತ ಹೆಚ್ಚಿಸುವ ಗೇರ್, ಹಾಕಬಹುದಿತ್ತಲ್ಲ ಅಂತ ಕೇಳುತ್ತೀರಿ. ಹಾಕಿಯೇ ಇದ್ದೆ. ಎಂಜಿನ್ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಕಳಿಸುವ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಜಿಪ್ಸಿಯ ಗೇರ್ ಅನುಪಾತ ಹೈ 1.409, ಲೋ 2.268. ಅಂದರೆ ಲೋ ಹಾಕಿದರೂ ಬರೀ 1.6 ಪಟ್ಟು ನಿಧಾನ. ಗಾಡಿ ತೆವಳುವಷ್ಟು ಅಲ್ಲ. ಅದಕ್ಕೇ ಹೇಳುತ್ತೇನೆ, ನಿಮ್ಮ ಓಡಾಟ ಜಾಸ್ತಿ ಕೆಸರು, ಕಲ್ಲಿನಲ್ಲಾದರೆ ಟರ್ಬೊ ದುಡ್ಡನ್ನು ಟ್ರಾನ್ಸ್‌ಫರ್ ಕೇಸಿಗೆ ಇನ್ನೂ ನಿಧಾನದ ಗೇರ್ ಹಾಕಿಸಲು ಮತ್ತು ಒಳ್ಳೆ ಟೈರಿಗೆ ಹಾಕಿ. ಎಂಜಿನ್‌ಗೇ ಏನಾದರೂ ಮಾಡಿಸಬೇಕೆಂದರೆ ಸೂಪರ್‌ಚಾರ್ಜರ್ ನೋಡಿ. ಅದೂ ಗಾಳಿ ತುಂಬುವುದೇ, ಆದರೆ ಹೊಗೆಯ ಬದಲು ಎಂಜಿನ್ನಿನ ಬೆಲ್ಟ್‌ನಿಂದ ತಿರುಗುವುದರಿಂದ ಕೆಳಗಿನ ಆರ್‌ಪಿಎಂನಿಂದಲೇ ಎಳೆತ ಇರುತ್ತದೆ.

ಮೈಲೇಜ್ 11ರಿಂದ 9ಕ್ಕೆ ಇಳಿದಿದೆ. ಆಯಿಲ್ 5,000 ಕಿಲೋಮೀಟರಿಗೆ ಬದಲಿಸುತ್ತೇನೆ. ಹೆಚ್ಚು ಆಕ್ಟೇನ್ ಇರುವ ಪ್ರೀಮಿಯಂ ಪೆಟ್ರೋಲ್ ಹಾಕದೆ ಮಾಮೂಲಿಯದು ಹಾಕಿದರೆ ಏರಿನಲ್ಲಿ ನಾಕಿಂಗ್, ಅಂದರೆ ಎಂಜಿನ್ ಒಳಗಿನ ಟಕಟಕ ಬಡಿತ, ಕೇಳಿಸುತ್ತದೆ, ಆಗ ಕಾಲು ತೆಗೆಯಲೇಬೇಕು. ಇನ್ನು ಆರ್‌ಟಿಒ ಮತ್ತು ಇನ್ಶೂರೆನ್ಸ್ ವಿಷಯ. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕ್ಲೇಮ್‌ಗೂ ತೊಂದರೆಯಾಗಬಹುದು. ಗ್ಯಾರೇಜಿನವರು ನನಗೆ ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ದುಡ್ಡು ಕೊಡುವ ಮೊದಲೇ ಕೇಳಿ.

ಟರ್ಬೊ ಬಿಚ್ಚಿಸುವ ಮನಸ್ಸು ಇಲ್ಲ. ಮೃಗಶಿರ ಮಳೆ ಶುರುವಾದ ದಿನ ಬಾನೆಟ್ ಎತ್ತಿ, ಬೂಸ್ಟ್ ಕಂಟ್ರೋಲರಿನ ನಾಬ್ ತಿರುಗಿಸಿ 0.3 ಬಾರ್‌ಗೆ ಇಳಿಸುತ್ತೇನೆ. ಕೆಸರಲ್ಲಿ ಚಕ್ರ ಸುಮ್ನೆ ಗರಗರ ತಿರುಗುವುದು ಪೂರ್ತಿ ನಿಂತಿಲ್ಲ, ಅರ್ಧ ಕಮ್ಮಿಯಾಗಿದೆ. ಕಾಫಿ ಕೊಯ್ಲಿಗೆ ಮೊದಲು, ದಾರಿ ಒಣಗಿದ ಮೇಲೆ, ಮತ್ತೆ 0.5ಕ್ಕೆ ಏರಿಸಿ ಒಂದು ಸಲ ಚಾರ್ಮಾಡಿಗೆ ಹೋಗಿ ಬರುತ್ತೇನೆ.